ನಮ್ಮ ಮನೆಯ ಕೊರಳು

"ಮೇಡಂ, ಇದು ಊದ್ಕೊಂಡಿದೆ. ಯಾವಾಗಿಂದ?" ಎಂದು ಡಾಕ್ಟರು ಕೇಳಿದರು. ನನ್ನ ಹಿಂದೆ ನಿಂತು ಎರಡೂ ಕೈಯ ಬೆರಳುಗಳಿಂದ ನನ್ನ ಕೊರಳನ್ನು ಒತ್ತಿ ನೋಡುತ್ತಿದ್ದರು.

"ಅದು ಊತ ಅಲ್ಲ ಡಾಕ್ಟ್ರೇ," ಎಂದೆ. "ನಮ್ಮ ಮನೆಯೋರ ಕೊರಳೇ ಹಾಗೆ."

ಬೆರಳುಗಳು ಒಂದು ಕ್ಷಣ ಅಲ್ಲೇ ನಿಂತವು. ಒಂದು ಗುಟುಕು ನೀರು ಕುಡಿಯಲು ಹೇಳಿದರು, ಕುಡಿದೆ. ಇನ್ನೊಂದು ಗುಟುಕು ಎಂದರು. ಆಮೇಲೆ ಎದುರಿಗೆ ಬಂದು ಕೂತು, ನಾನು ಏನೂ ಹೇಳಿಯೇ ಇಲ್ಲವೇನೋ ಎನ್ನುವ ಹಾಗೆ, ಮತ್ತೆ ಯಾವಾಗಿನಿಂದ ಎಂದರು.

ಕಾಯಿಲೆಯೇನು ನೆಂಟರ ಹಾಗೆ ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬರುತ್ತದೆಯೆ? ಬೇಸಿಗೆಯಲ್ಲಿ ಶಾಲು ಹೊದ್ದು ಕೂತಿದ್ದೆ ಎಂಬುದು ನೆನಪಿದೆ. ಅದು ಹಿಂದಿನ ಬೇಸಿಗೆಯೋ ಅದರ ಹಿಂದಿನದೋ ಗೊತ್ತಿಲ್ಲ. ಬಾಚಣಿಗೆಯಲ್ಲಿ ಕೂದಲು ಬರುತ್ತಿತ್ತು, ಆದರೆ ಯಾವ ಹೆಂಗಸಿನ ಬಾಚಣಿಗೆಯಲ್ಲಿ ಬರುವುದಿಲ್ಲ? ದನಿ ದಪ್ಪಗಾಗಿತ್ತು. ಕೊರಿಯರ್‌ನವರು ಫೋನಿನಲ್ಲಿ "ಸರ್, ಮನೇಲಿದೀರಾ?" ಎನ್ನತೊಡಗಿದ್ದರು, ನಾನೂ ತಿದ್ದುವುದನ್ನು ಬಿಟ್ಟಿದ್ದೆ. ತಿದ್ದುವುದೇ ನನ್ನ ಕಸುಬು ಎಂಬುದು ಬೇರೆ ಮಾತು. ಶಾಲೆಯ ಪುಸ್ತಕಗಳ ಕರಡು ತಿದ್ದಿ ಬದುಕುವವಳು ನಾನು. ಆ ದಿನಗಳಲ್ಲಿ ಒಂದು ಸಾಲು ಓದಿ ಮುಂದಕ್ಕೆ ಹೋಗುತ್ತಿದ್ದೆ, ಓದಿದೆನೋ ಇಲ್ಲವೋ ಎಂದು ಹಿಂದಕ್ಕೆ ಬರುತ್ತಿದ್ದೆ, ಬಂದ ಮೇಲೆ ಅಲ್ಲೇ ನಿದ್ದೆ ಹೋಗುತ್ತಿದ್ದೆ. ಅತ್ತಿಗೆಯ ಜೊತೆ ಬೆಟ್ಟದ ಮೆಟ್ಟಿಲು ಹತ್ತಲು ಹೋಗಿ ನಂದಿಯ ಹತ್ತಿರವೇ ಕೂತುಬಿಟ್ಟೆ. ಅವಳು ಮೇಲೆ ಹೋಗಿ, ಕ್ಯೂ ನಿಂತು, ದರ್ಶನ ಮಾಡಿ, ಪ್ರಸಾದ ತೆಗೆದುಕೊಂಡು ಇಳಿದು ಬಂದಾಗ ನಾನು ಕಟ್ಟೆಗೆ ಒರಗಿ ಬಾಯಿ ತೆರೆದು ಮಲಗಿದ್ದೆನಂತೆ.

ಇದನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ "ಅಂದಿನಿಂದ" ಎಂದು ಹೇಳುವವರು ಸುತ್ತ ಬೇಕಾದಷ್ಟು ಮಂದಿ ಇದ್ದರು. ಬೋಗಾದಿಗೆ ಮನೆ ಬದಲಿಸಿದಾಗಿನಿಂದ, ಅಲ್ಲಿಯ ಬೋರ್‌ವೆಲ್ ನೀರೇ ಕಾರಣ ಎಂದು ಅತ್ತಿಗೆ. ಒಬ್ಬಳೇ ಇದ್ದು ಹೊತ್ತಿಗೆ ಸರಿಯಾಗಿ ಊಟ ಮಾಡದೆ ಸೋಮಾರಿ ಬಿದ್ದಾಗಿನಿಂದ ಎಂದು ಅಣ್ಣ. ಮುಟ್ಟು ನಿಲ್ಲುವ ವಯಸ್ಸು, ಎಲ್ಲರಿಗೂ ಹೀಗೇ ಎಂದು ಕೆಳಗಿನ ಮನೆಯ ಓನರ್ ಹೆಂಡತಿ. ಕೊನೆಗೆ ಡಾಕ್ಟರೇ "ಒಂದು ವರ್ಷ?" ಎಂದರು. ಹೂಂ ಎಂದೆ. ಎರಡು ವರ್ಷ ಎಂದಿದ್ದರೂ ಹೂಂ ಎನ್ನುತ್ತಿದ್ದೆ. ಅವರು ಕಂಪ್ಯೂಟರಿನಲ್ಲಿ ಬರೆದುಕೊಂಡರು. ಅಲ್ಲಿಗೆ ನನ್ನ ಕಾಯಿಲೆಗೆ ಒಂದು ಜನ್ಮದಿನ ಸಿಕ್ಕಿತು.

ಕೊರಳಿನ ವಿಷಯ ಹೇಳಬೇಕು. ನಾನು ಡಾಕ್ಟರಿಗೆ ಸುಳ್ಳು ಹೇಳಿರಲಿಲ್ಲ.

ಅವ್ವನ ಕಡೆಯ ಹೆಂಗಸರದು ತುಂಬಿದ ಕೊರಳು. ಗಂಟಲ ಬುಡದಲ್ಲಿ ಮೆತ್ತಗೆ ಉಬ್ಬಿ, ಅಡ್ಡಕ್ಕೆ ಮೂರು ಗೆರೆ ಬಿದ್ದಿರುತ್ತದೆ. ಶಂಖದಂತಹ ಕೊರಳು ಎನ್ನುತ್ತಾರೆ. ಅಂಥವಳು ಕಾಲಿಟ್ಟ ಮನೆಗೆ ಲಕ್ಷಣ ಎಂದು ಹಿರಿಯರ ಮಾತು. ಆ ಕೊರಳಿಗೆಂದೇ ಒಂದು ಅಡ್ಡಿಕೆ ಇದೆ; ಕುತ್ತಿಗೆಗೆ ಒತ್ತಿ ಕೂರುವ ಹಳೆಯ ಚಿನ್ನದ ಪಟ್ಟಿ, ಅಜ್ಜಿಯಿಂದ ಅವ್ವನಿಗೆ ಬಂದದ್ದು. ಅವ್ವನ ಕೊರಳಿನಲ್ಲಿ ಮೊದಲೇ ಜಾಗವಿಲ್ಲ. ಇಷ್ಟಲಿಂಗದ ದಾರ, ರುದ್ರಾಕ್ಷಿ, ಅಪ್ಪ ಹೋದ ಮೇಲೂ ತೆಗೆಯದ ಒಂದು ಎಳೆ ಸರ. ಅದರ ಮೇಲೆ ಅಡ್ಡಿಕೆ ಹಾಕಿದರೆ ಅದು ಅಲುಗದೆ, ಅಲ್ಲೇ ಹುಟ್ಟಿದ ಹಾಗೆ ಕೂರುತ್ತಿತ್ತು. ನನ್ನದು ಅಪ್ಪನ ಕೊರಳು. ಉದ್ದ, ನರ ಕಾಣುವಂಥದ್ದು. ಅಣ್ಣ ಕೊಕ್ಕರೆ ಎಂದು ರೇಗಿಸುತ್ತಿದ್ದ. ಅಡ್ಡಿಕೆ ನನಗೆ ಹಾಕಿದರೆ ಜೋತು ಬಿದ್ದು ಎದೆಯ ಮೂಳೆಗೆ ತಾಗುತ್ತಿತ್ತು, ಅವ್ವ ನಿಟ್ಟುಸಿರು ಬಿಟ್ಟು ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದಳು.

ಒಂದು ಮದುವೆಗೆ ಹೊರಟಿದ್ದಾಗ ಅವ್ವ ಮತ್ತೆ ಅದನ್ನು ನನ್ನ ಕೊರಳಿಗೆ ಹಿಡಿದು ನೋಡಿದಳು. ಜೋತು ಬೀಳಲಿಲ್ಲ. "ಬಂದ್ಬುಡ್ತು ನೋಡು," ಎಂದಳು ಅತ್ತಿಗೆಯನ್ನು ಕರೆದು, "ತಡವಾದ್ರೂ ಬಂದ್ಬುಡ್ತು ನಮ್ಮ ಮನೆ ಕೊರಳು." ನಾನು ಕನ್ನಡಿಯಲ್ಲಿ ನೋಡಿಕೊಂಡದ್ದು, ಅತ್ತಿಗೆ ಪಿನ್ನು ಕಚ್ಚಿಕೊಂಡೇ ನಕ್ಕದ್ದು, ಮಂಟಪದಲ್ಲಿ ಇಡೀ ದಿನ ಅಡ್ಡಿಕೆ ಮುಟ್ಟಿ ಮುಟ್ಟಿ ನೋಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆ ಮದುವೆಯ ಫೋಟೊ ಅತ್ತಿಗೆಯ ಮೊಬೈಲಿನಲ್ಲಿದೆ, ಅದರಲ್ಲಿ ನನ್ನ ಕೊರಳಲ್ಲಿ ಅಡ್ಡಿಕೆ ಇಲ್ಲ. ತೆಳ್ಳನೆ ಸರ ಹಾಕಿಕೊಂಡು, ಊದಿದ ಮುಖ ಮಾಡಿಕೊಂಡು, ಅರ್ಧ ಕಣ್ಣು ಮುಚ್ಚಿ ನಿಂತಿದ್ದೇನೆ. ಹಾಗಾದರೆ ಅವ್ವ ಹೇಳಿದ್ದು ಬೇರೆ ಯಾವಾಗಲೋ ಇರಬೇಕು. ಮಂಟಪದಲ್ಲಿ ಮುಟ್ಟಿ ನೋಡಿಕೊಂಡದ್ದು ನಾನೇ ಆಮೇಲೆ ಸೇರಿಸಿದ್ದು. ಇರಲಿ. ಹೊಗಳಿಕೆಯಂತೂ ನಿಜ. ಐವತ್ತು ಹತ್ತಿರ ಬಂದ ಹೆಂಗಸನ್ನು ಯಾರು ಹೊಗಳುತ್ತಾರೆ? ಕಾಯಿಲೆ ನನ್ನಲ್ಲಿಗೆ ಹೊಗಳಿಕೆಯಾಗಿ ಬಂತು, ನಾನು ಖುಷಿಯಿಂದ ಬೆಳೆಸಿದೆ.

ರಕ್ತದ ರಿಪೋರ್ಟು ಬಂದ ದಿನ ಡಾಕ್ಟರು ವಿವರಿಸಿದರು. ಕಾಯಿಲೆಗೊಂದು ಜಪಾನೀ ಹೆಸರು ಹೇಳಿದರು. ನಮ್ಮ ದೇಹದ ಸೈನಿಕರೇ ದಾರಿ ತಪ್ಪಿ, ಗಂಟಲಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಶತ್ರುವೆಂದು ತಿಳಿದು ಅದರ ಮೇಲೆ ಬೀಳುತ್ತಾರಂತೆ. ಅದು ಊದಿಕೊಂಡು, ಕ್ರಮೇಣ ಸೋತು, ಮಾಡಬೇಕಾದ ಕೆಲಸ ಮಾಡುವುದಿಲ್ಲವಂತೆ. ಎಲ್ಲ ರೋಗಿಗಳಿಗೂ ಇದೇ ಸೈನಿಕರ ಕಥೆ ಹೇಳುತ್ತಾರೆಂದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. ನನಗೆ ರೇಗಿತು. ಯುದ್ಧವೇ ನಡೆದಿದ್ದರೆ ಒಂದಿಷ್ಟು ಸದ್ದಾದರೂ ಆಗಬೇಕಿತ್ತು. ನನಗಾದದ್ದು ನಿದ್ದೆ, ಮಲಬದ್ಧತೆ ಮತ್ತು ಕೊರಿಯರ್‌ನವರ ಮರ್ಯಾದೆ.

ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ಚಿಕ್ಕ ಮಾತ್ರೆ, ಜೀವ ಇರುವವರೆಗೆ. ಮಾತ್ರೆ ನುಂಗಿದ ಮೇಲೆ ಮುಕ್ಕಾಲು ಗಂಟೆ ಕಾಫಿ ಇಲ್ಲ. ಡಾಕ್ಟರು ಎರಡನೆಯದನ್ನು ಮೊದಲನೆಯದಕ್ಕಿಂತ ಮೆತ್ತಗೆ ಹೇಳಿದರು. ಈ ಊರಿನಲ್ಲಿ ಯಾವುದು ಕೆಟ್ಟ ಸುದ್ದಿ ಎಂದು ಅವರಿಗೂ ಗೊತ್ತು.

ಆಮೇಲೆ ಶುರುವಾದದ್ದು ಸಲಹೆ. ಓನರ್ ಹೆಂಡತಿ ನನ್ನ ತರಕಾರಿ ಚೀಲಕ್ಕೆ ಕೈ ಹಾಕಿ ನವಿಲುಕೋಸು ತೆಗೆದು ತಾನೇ ಇಟ್ಟುಕೊಂಡಳು, ಥೈರಾಯ್ಡಿಗೆ ಆಗಿಬರುವುದಿಲ್ಲ ಎಂದು. ಪಾರ್ಕಿನಲ್ಲಿ ಒಬ್ಬರು ಕೊತ್ತಂಬರಿ ಬೀಜದ ನೀರು ಎಂದರು, ಇನ್ನೊಬ್ಬರು ದುಂಬಿಯ ಹಾಗೆ ಗುಂಯ್‌ಗುಡಬೇಕು ಎಂದರು, ಮತ್ತೊಬ್ಬರು ಸಿರಿಧಾನ್ಯ ತಿನ್ನಿ ಎಂದರು, ಅವರ ಜೊತೆಗಿದ್ದವರು ಸಿರಿಧಾನ್ಯದಿಂದಲೇ ಬರುವುದು ಎಂದರು. ಎಲ್ಲರಿಗೂ ಥೈರಾಯ್ಡ್ ಇತ್ತು. ಇಲ್ಲದವರ ನಾದಿನಿಗಿತ್ತು. "ಅಯ್ಯೋ, ಅಷ್ಟೇನಾ" ಎನ್ನುವವರನ್ನು ಕಂಡರೆ ಸಿಟ್ಟು ಬರುತ್ತಿತ್ತು, "ಅಯ್ಯೋ ಪಾಪ" ಎನ್ನುವವರನ್ನು ಕಂಡರೂ ಬರುತ್ತಿತ್ತು. ಮಾತ್ರೆ ಕೆಲಸ ಮಾಡತೊಡಗಿತ್ತು ಎಂದು ಕಾಣುತ್ತದೆ. ಅದಕ್ಕೆ ಮೊದಲು ಸಿಟ್ಟಿಗೂ ತ್ರಾಣವಿರಲಿಲ್ಲ.

ಎರಡನೆಯ ಸಲ ತೋರಿಸಲು ಹೋದಾಗ ಡಾಕ್ಟರು ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ ಎಂದು ಕೇಳಿದರು. ತಾಯಿಗೆ? ಇಲ್ಲ ಎನ್ನಲು ಬಾಯಿ ತೆರೆದೆ. "ಮರೆವಿದೆ," ಎಂದೆ ಕೊನೆಗೆ. "ಎಪ್ಪತ್ತು ದಾಟಿದೆ. ಇತ್ತೀಚೆಗೆ ತುಂಬಾ ಮರೀತಾಳೆ."

"ಟೆಸ್ಟ್ ಮಾಡ್ಸಿಬಿಡಿ," ಎಂದರು ಡಾಕ್ಟರು. "ವಯಸ್ಸಾದೋರಲ್ಲಿ ಥೈರಾಯ್ಡ್ ಕಡಿಮೆ ಆದ್ರೆ ಮರೆವಿನ ಕಾಯಿಲೆ ಥರಾನೇ ಕಾಣ್ಸುತ್ತೆ. ಅದೇ ಕಾರಣ ಆಗಿದ್ರೆ ಮಾತ್ರೆಗೆ ಎಷ್ಟೋ ಸರಿಹೋಗುತ್ತೆ."

ಆ ಮಾತು ಕೇಳಿ ಸ್ಕೂಟರ್ ಹತ್ತಿದವಳು ಬೋಗಾದಿ ಮುಟ್ಟುವಷ್ಟರಲ್ಲಿ ಮೂರು ತಲೆಮಾರಿಗೆ ಚಿಕಿತ್ಸೆ ಕೊಟ್ಟು ಮುಗಿಸಿದ್ದೆ. ಅಜ್ಜಿ ಸದಾ ಬಿಸಿಲಿನಲ್ಲಿ ಕೂತು ತೂಕಡಿಸುತ್ತಿದ್ದದ್ದು, ಥೈರಾಯ್ಡ್. ದೊಡ್ಡಮ್ಮನಿಗೆ ಮಕ್ಕಳಾಗದೆ ಹರಕೆ ಹೊತ್ತು ಹೊತ್ತು ಸೋತದ್ದು, ಥೈರಾಯ್ಡ್. ಎಲ್ಲರ ತುಂಬಿದ ಕೊರಳು, ಮೂರು ಗೆರೆ, ಶಂಖ, ಲಕ್ಷಣ, ಎಲ್ಲವೂ ಥೈರಾಯ್ಡ್. ಅಡ್ಡಿಕೆಯ ಹಿಂಭಾಗದಲ್ಲಿ ಬೇರೆ ಬಣ್ಣದ ಚಿನ್ನದ ಕೊಂಡಿಗಳನ್ನು ಸೇರಿಸಿದ್ದಾರೆ. ಕೊರಳು ಊದಿದಂತೆಲ್ಲ ಆಚಾರಿಯಿಂದ ಒಂದೊಂದು ಹಾಕಿಸಿದ್ದು! ಇಡೀ ಮನೆತನ ಒಂದು ಊತವನ್ನು ಒಡವೆ ಹಾಕಿ ಪೂಜಿಸಿತ್ತು. ಇಂಥ ಕಥೆಗಳ ಮೇಲೆ ನನಗೆ ನಂಬಿಕೆಯಿಲ್ಲ. ಎಲ್ಲವನ್ನೂ ಒಂದೇ ಕೀಲಿಯಿಂದ ತೆರೆಯುವ ಕಥೆ ಸುಳ್ಳೇ ಇರುತ್ತದೆಂದು ಬೇರೆಯವರ ಬರಹ ತಿದ್ದುವಾಗ ಅಂಚಿನಲ್ಲಿ ಗೀಟು ಹಾಕುವವಳು ನಾನು. ಆದರೆ ಈ ಕಥೆಯ ಕೊನೆಗೆ ಅವ್ವನಿಗೊಂದು ಮಾತ್ರೆ ಇತ್ತು.

ಅವ್ವ ಇರುವುದು ಕೃಷ್ಣಮೂರ್ತಿಪುರಂನಲ್ಲಿ, ಅಣ್ಣ ಅತ್ತಿಗೆಯ ಜೊತೆ. ಅಪ್ಪನ ಎಣ್ಣೆ ಮಂಡಿ ಈಗ ಅಣ್ಣನ ಕೈಯಲ್ಲಿದೆ, ಅತ್ತಿಗೆ ಶಾಲೆಯಲ್ಲಿ ಟೀಚರು. ಇಬ್ಬರೂ ಹೋದ ಮೇಲೆ ಅವ್ವ ಎರಡು ಸಲ ಹಾಲು ಒಲೆಯ ಮೇಲಿಟ್ಟು ಮರೆತಿದ್ದಳು. ಎರಡನೆಯ ಸಲ ಪಾತ್ರೆ ಕೆಂಪಗೆ ಕಾದು, ಪಕ್ಕದ ಮನೆಯವರು ವಾಸನೆ ಹಿಡಿದು ಓಡಿ ಬಂದಿದ್ದರು. ಅಂದಿನಿಂದ ಅತ್ತಿಗೆ ಗ್ಯಾಸ್ ಲೈಟರನ್ನು ರಾಗಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಡುತ್ತಿದ್ದಳು, ಬೆಂಕಿಪೊಟ್ಟಣ ದೇವರ ಕೋಣೆಯಿಂದಲೂ ಮಾಯವಾಗಿತ್ತು. ಲೈಟರ್ ಬಚ್ಚಿಟ್ಟಿದ್ದಾರೆ ಎಂಬುದು ಅವ್ವನಿಗೆ ನೆನಪಿರುತ್ತಿರಲಿಲ್ಲ. ಅದಕ್ಕೇ ದಿನವೂ ಹೊಸದಾಗಿ ಹುಡುಕುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಆ ಮನೆಯ ಮೊದಲ ಕಾಫಿ ಅವ್ವನದು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಒಲೆ ಹಚ್ಚುವವಳು. ಈಗ ಅತ್ತಿಗೆ ಫ್ಲಾಸ್ಕಿನಲ್ಲಿ ಹಾಕಿಟ್ಟು ಹೋದದ್ದನ್ನು ಬಗ್ಗಿಸಿಕೊಂಡು ಕುಡಿಯಬೇಕು. ಕುಡಿಯುತ್ತಿರಲಿಲ್ಲ. ಫ್ಲಾಸ್ಕು ಸಂಜೆ ಹಾಗೇ ಇರುತ್ತಿತ್ತು.

ಹಾಗಾಗಿ ನನಗೆ ಬೇಕಾದದ್ದು ಸ್ಪಷ್ಟವಾಗಿತ್ತು. ಅವ್ವನಿಗೆ ನನ್ನ ಕಾಯಿಲೆ ಇರಬೇಕು. ಇದ್ದರೆ ಒಲೆ ವಾಪಸು ಬರುತ್ತದೆ.

ಅವರೆಕಾಯಿ ಕಾಲ. ನಾನು ಹೋದಾಗ ಅವ್ವ ಸ್ವೆಟರ್ ಹಾಕಿಕೊಂಡು ಹಜಾರದಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದಳು. ಸ್ವೆಟರ್ ನೋಡಿದೆ; ಚಳಿ ತಡೆಯುವುದಿಲ್ಲ, ಥೈರಾಯ್ಡ್ ಲಕ್ಷಣ, ಎಂದುಕೊಂಡೆ. ಆ ದಿನ ನಾನೂ ಅಣ್ಣನೂ ಬೀದಿಯಲ್ಲಿ ಹೋಗುವವರೂ ಸ್ವೆಟರ್ ಹಾಕಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳ ಬೆರಳುಗಳಿಂದ ಕಾಳು ಸಿಪ್ಪೆ ಬಿಟ್ಟು ಪಾತ್ರೆಗೆ ಟಪಟಪ ಹಾರುತ್ತಿದ್ದ ವೇಗವನ್ನೂ ಹಿಡಿಯಲಿಲ್ಲ. ನನ್ನ ಕೈಗಳು ಕಾಯಿಲೆಯ ದಿನಗಳಲ್ಲಿ ಬ್ಲೌಸಿನ ಗುಂಡಿ ಹಾಕಲು ಒದ್ದಾಡಿದ್ದವು. ನೋಡಿದೆ, ನೋಡಲಿಲ್ಲ.

"ಅವ್ವ, ನಾಳೆ ಒಂದು ರಕ್ತ ಪರೀಕ್ಷೆ ಮಾಡ್ಸೋಣ."

"ಯಾರಿಗೆ?"

"ನಿಂಗೆ. ನಂಗೆ ಬಂದಿರೋ ಥೈರಾಯ್ಡ್ ನಿಂಗೂ ಇರಬೌದಂತೆ. ಈ ಕೊರಳಿಂದ್ಲೇ ಬರೋದು."

"ಇದಾ?" ಅವ್ವ ಒದ್ದೆ ಕೈಯಲ್ಲೇ ಕೊರಳು ಮುಟ್ಟಿಕೊಂಡಳು. "ಇದನ್ನ ಕಾಯ್ಲೆ ಅಂದ್ರಾ ನಿನ್ ಡಾಕ್ಟ್ರು? ನಿಮ್ಮಪ್ಪ ನನ್ನ ನೋಡಕ್ಕೆ ಬಂದಾಗ ತಲೆ ಎತ್ತಿ ಮುಖ ಕೂಡ ನೋಡ್ಲಿಲ್ಲ ಕಣೇ. ಎಲೆ ಅಡಿಕೆ ತಟ್ಟೆ ಹಿಡ್ಕೊಂಡು ಬಗ್ಗಿದ್ನಲ್ಲ, ಕೊರಳು ನೋಡಿ ಒಪ್ಕಂಡ್ರು. ಕಾಯ್ಲೆ ನೋಡಿ ಒಪ್ಕಂಡ್ರಾ ಅಂಗಾರೆ?"

ಮಂಡಿಗೆ ಹೊರಟಿದ್ದ ಅಣ್ಣ ಬಾಗಿಲಲ್ಲೇ ನಿಂತು ನಕ್ಕ. "ಒಂದು ಹೊಸ ಕಾಯ್ಲೆ ಸಿಕ್ಬುಟ್ಟಿದೆ ಇವಳಿಗೆ. ಮಠದ ಪ್ರಸಾದದ ಥರ ಎಲ್ರಿಗೂ ಹಂಚ್ತಾವಳೆ." ನರದ ಡಾಕ್ಟರ ಹತ್ತಿರ ತೋರಿಸಬೇಕೆಂದು ಅವನು ಆಗಲೇ ಒಬ್ಬರ ಹೆಸರು ವಿಚಾರಿಸಿಟ್ಟಿದ್ದ. ಹಗಲು ಹೊತ್ತು ಅವ್ವನ ಜೊತೆ ಇರಲು ಒಬ್ಬಾಕೆಯನ್ನೂ ಹುಡುಕುತ್ತಿದ್ದ. ನಾನು ಜಗಳ ತೆಗೆದೆ. ಮರೆವು ಮರೆವು ಎಂದು ಮೂಲೆಗೆ ಕೂರಿಸುವ ಮೊದಲು ಒಂದು ಟೆಸ್ಟ್ ಮಾಡಿಸಲು ನಿಮಗೇನು ಕಷ್ಟ ಎಂದೆ. ಅತ್ತಿಗೆ ಅಡುಗೆಮನೆಯಿಂದ ಬಂದು ನನ್ನನ್ನು ಪಕ್ಕಕ್ಕೆ ಎಳೆದಳು. "ಮಾಡ್ಸು ಕಣಮ್ಮ," ಎಂದಳು ಮೆಲ್ಲಗೆ. "ಅದೇ ಆಗ್ಲಿ ಅಂತ ನಾನೂ ಬೇಡ್ಕೊತೀನಿ. ನನ್ ಮನೇಲೇ ಲೈಟರ್ ಬಚ್ಚಿಟ್ಟು ಬಚ್ಚಿಟ್ಟು ನಾನೇ ಕಳ್ಳಿ ಆದಂಗಾಗಿದೆ."

ಅವ್ವನನ್ನು ಒಪ್ಪಿಸಿದ್ದು ಹೀಗೆ: ಡಾಕ್ಟರು ನಿನ್ನ ಕೊರಳು ನೋಡಬೇಕಂತೆ, ಎಂದೆ. ಅಷ್ಟೇ. ಮಾರನೆಯ ದಿನ ಆಟೊ ತಂದು ನಿಲ್ಲಿಸಿದಾಗ ಅವ್ವ ಅಂಚಿನ ಸೀರೆ ಉಟ್ಟು, ಹೂ ಮುಡಿಯುವುದಿಲ್ಲವಲ್ಲ ಎಂದು ತಲೆ ನುಣ್ಣಗೆ ಬಾಚಿ, ಅಡ್ಡಿಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ನೋಡಲು ಬಂದವರೇ ಎನ್ನುವ ಹಾಗೆ ಆಟೊದವನಿಗೂ ಕೊರಳು ಕಾಣುವಂತೆ ಸೆರಗು ಸರಿಮಾಡಿಕೊಂಡಳು. ಲ್ಯಾಬಿನಲ್ಲಿ ಸೂಜಿ ಚುಚ್ಚುವಾಗ ಮುಖ ಕೂಡ ತಿರುಗಿಸಲಿಲ್ಲ. ಯಾವಾಗ ಕೊರಳು ನೋಡ್ತಾರೆ, ಎಂದು ಎರಡು ಸಲ ಕೇಳಿದಳು.

ಕೊರಳಿನ ಸ್ಕ್ಯಾನಿಂಗ್ ಕೋಣೆಯಲ್ಲಿದ್ದ ಹುಡುಗಿ, ಕೊರಳಲ್ಲಿರುವುದನ್ನೆಲ್ಲ ತೆಗೆಯಲು ಹೇಳಿದಳು. ಅಡ್ಡಿಕೆ ತೆಗೆದದ್ದಾಯಿತು. ಸರ, ರುದ್ರಾಕ್ಷಿ ಆಯಿತು. ಲಿಂಗದ ದಾರಕ್ಕೆ ಕೈ ಹಾಕಿದಾಗ ಅವ್ವ ಎದ್ದು ಕೂತಳು. ಅದು ಮೈಮೇಲಿಂದ ಹೋಗುವಂತಿಲ್ಲ. ಹುಡುಗಿ ಅಡ್ಡ ಬರುತ್ತದೆ ಅಜ್ಜಿ ಎಂದಳು, ನಾನು ಐದು ನಿಮಿಷ ಅವ್ವ ಎಂದೆ, ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದರು. ನನಗೆ ಸಾಕಾಗಿಹೋಗಿತ್ತು. ಅವ್ವ ಇಬ್ಬರನ್ನೂ ಒಮ್ಮೆ ನೋಡಿ, ದಾರವನ್ನು ತಲೆಯ ಮೇಲಿಂದ ತಾನೇ ತೆಗೆದು, ಲಿಂಗವನ್ನು ಅದರ ಬೆಳ್ಳಿ ಕರಡಿಗೆಯ ಸಮೇತ ಎಡಗೈಯ ಅಂಗೈಯಲ್ಲಿ, ದಿನವೂ ಪೂಜೆಗೆ ಹಿಡಿಯುವ ಹಾಗೆಯೇ ಹಿಡಿದು ಮಲಗಿದಳು. ಹುಡುಗಿ ಆ ಕೈಯನ್ನು ತಪ್ಪಿಸಿಕೊಂಡು ಯಂತ್ರವನ್ನು ಕೊರಳ ಮೇಲೆ ಆಡಿಸಿದಳು. ಅವ್ವ ಕಣ್ಣು ಮುಚ್ಚಿದ್ದಳು. ಹೊರಗಿನ ಗಲಾಟೆ ಅವಳಿಗೆ ಕೇಳುತ್ತಿರಲಿಲ್ಲ.

ಅಡ್ಡಿಕೆ ನನ್ನ ಕೈಯಲ್ಲಿತ್ತು. ಆ ಬೇರೆ ಬಣ್ಣದ ಕೊಂಡಿಗಳು ಬೆರಳಿಗೆ ತಾಗಿದವು. ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಕೇಳಿದೆ, ಉತ್ತರ ಗೊತ್ತಿದೆ ಎಂಬ ಧೈರ್ಯದಿಂದ. ಕೊರಳು ದಪ್ಪ ಆದಂಗೆಲ್ಲ ಹಾಕ್ಸಿದ್ದಲ್ವಾ ಅವ್ವ, ಇದು?

"ಯಾರ್ ಹೇಳಿದ್ದು? ನಮ್ಮವ್ವಂಗೆ ಮದ್ವೆ ಆದಾಗ ಇನ್ನೂ ಲಂಗ ತೊಡೋ ಹುಡ್ಗಿ. ಆ ಹುಡ್ಗಿ ಕೊರಳಿಗೆ ಅಳತೆ ಕೊಟ್ಟು ಮಾಡ್ಸಿದ್ದು. ಆಮೇಲೆ ಬೆಳೆದ್ಲು, ಬಿಗಿ ಆಯ್ತು, ಕೊಂಡಿ ಹಾಕ್ಸಿದ್ರು. ಮಕ್ಕಳು ಬೆಳೆಯಲ್ವಾ?" ಎಂದು ಅಡ್ಡಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಾಕಿಕೊಂಡಳು. ಆಮೇಲೆ, ನಾವು ಇಲ್ಲಿಗೆ ಯಾಕೆ ಬಂದಿದ್ದೇವೆ ಎಂದು ಕೇಳಿದಳು.

ಯಾವುದನ್ನು ನಂಬುವುದು? ಬೆಳಿಗ್ಗೆ ಏನು ತಿಂದಳೆಂದು ಗೊತ್ತಿಲ್ಲದವಳು ತಾನು ಹುಟ್ಟುವ ಮೊದಲಿನ ಅಳತೆ ಹೇಳುತ್ತಿದ್ದಾಳೆ. ನನ್ನ ಕಥೆಗೆ ಅದು ಒಗ್ಗುವುದಿಲ್ಲ ಎಂಬ ಕಾರಣಕ್ಕೇ ನಾನು ಅದನ್ನು ಮರೆವಿನ ಲೆಕ್ಕಕ್ಕೆ ಹಾಕಿದೆ.

ರಿಪೋರ್ಟು ಹಿಡಿದು ಡಾಕ್ಟರ ಮುಂದೆ ಕೂತಾಗ ಅವ್ವನೂ ಇದ್ದಳು, ಅಡ್ಡಿಕೆಯೂ ಇತ್ತು. ಡಾಕ್ಟರು ಹಾಳೆ ನೋಡಿದರು, ಎದ್ದು ಬಂದು ಅವ್ವನ ಕೊರಳು ಒತ್ತಿ ನೋಡಿದರು, ಎರಡು ಗುಟುಕು ನೀರು ಕುಡಿಸಿದರು. ಅವ್ವ ವಧುವಿನ ಹಾಗೆ ತಲೆ ತಗ್ಗಿಸಿದ್ದಳು. ಎಲ್ಲ ಸರಿಯಾಗಿದೆ ಎಂದರು ಡಾಕ್ಟರು. ಗ್ರಂಥಿಯ ಗಾತ್ರ ಸರಿ, ರಕ್ತ ಸರಿ, ಸೈನಿಕರು ಇಲ್ಲವೇ ಇಲ್ಲ. ನಿಮ್ಮ ಥೈರಾಯ್ಡ್ ನನ್ನದಕ್ಕಿಂತ ಚೆನ್ನಾಗಿದೆ ಅಮ್ಮ, ಎಂದು ನಕ್ಕರು.

ಹಾಗಾದರೆ ಈ ಕೊರಳು? ಎಂದೆ.

ಅದು ಬರೀ ಕೊರಳು, ಎಂದರು. ಕೆಲವರದು ಹಾಗಿರುತ್ತದೆ. ಚರ್ಮ, ಸ್ವಲ್ಪ ಕೊಬ್ಬು.

ನಾನು ಬಿಡಲಿಲ್ಲ. ಲ್ಯಾಬಿನವರು ತಪ್ಪು ಮಾಡಿರಬಹುದಲ್ಲ ಎಂದೆ. ಬೇರೆ ಕಡೆ ಇನ್ನೊಮ್ಮೆ ಮಾಡಿಸಿದರೆ ಎಂದೆ. ಒಂದು ಚಿಕ್ಕ ಡೋಸು ಕೊಟ್ಟು ನೋಡಬಾರದೇ ಎಂದೂ ಕೇಳಿದೆ. ನನ್ನ ದನಿ ಏರುತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ನಿಮ್ಮ ತಾಯಿಗೆ ಕಾಯಿಲೆ ಇಲ್ಲ ಅಂತ ನೀವು ನನ್ನ ಜೊತೆ ಜಗಳ ಆಡ್ತಿದ್ದೀರಿ."

ಅವ್ವ ನನ್ನ ಮೊಣಕೈ ತಿವಿದಳು. "ಹೇಳ್ಲಿಲ್ವಾ ನಾನು?" ಎಂದಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ಎಷ್ಟೋ ದಿನವಾಗಿತ್ತು. ಡಾಕ್ಟರು ಒಂದು ಚೀಟಿಯಲ್ಲಿ ಮರೆವಿಗೆ ನೋಡುವ ಡಾಕ್ಟರ ಹೆಸರು ಬರೆದು, ಅವ್ವನ ಕಡೆ ನೋಡದೆ, ನನ್ನ ಕೈಗೆ ಕೊಟ್ಟರು. ಅಣ್ಣ ವಿಚಾರಿಸಿದ್ದವರೇ.

ಆ ದಿನ ಕೃಷ್ಣಮೂರ್ತಿಪುರಂನಲ್ಲೇ ಉಳಿದೆ. ಅಣ್ಣ ವಿಷಯ ಕೇಳಿ ರೇಗಿಸುತ್ತಾನೆ ಎಂದುಕೊಂಡಿದ್ದೆ. ಅವನು ಚೀಟಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ರೇಗಿಸಿದ್ದರೆ ಚೆನ್ನಾಗಿತ್ತು. ಅತ್ತಿಗೆ ಹಿದುಕಿದ ಬೇಳೆಯ ಸಾರು ಬಡಿಸಿದಳು, ಎರಡು ಸಲ ಬೇಡ ಎಂದರೂ ಬಡಿಸಿದಳು.

ಬೆಳಿಗ್ಗೆ ಬೇಗ ಎದ್ದು ಮಾತ್ರೆ ನುಂಗಿ ಅಡುಗೆಮನೆಯಲ್ಲಿ ಕೂತೆ. ಅವ್ವ ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿಯೊಂದಿಗೆ ಬಂದು ಒಲೆಯ ಸುತ್ತ ಹುಡುಕತೊಡಗಿದಳು. ಚಮಚದ ಡಬ್ಬ ನೋಡಿದಳು, ಕಿಟಕಿ ನೋಡಿದಳು.

"ಕಾಫಿ ಕುಡುದ್ಯಾ?"

"ಇಲ್ಲವ್ವ. ಮಾತ್ರೆ ತಗೊಂಡಿದ್ದೀನಿ, ಸ್ವಲ್ಪ ಹೊತ್ತು ಬಿಟ್ಟು ಕುಡೀಬೇಕು."

"ಯಾವ ಮಾತ್ರೆ?"

ಹೇಳಿದೆ. ಥೈರಾಯ್ಡ್ ಎಂದರೇನು, ಅದು ಎಲ್ಲಿರುತ್ತದೆ, ನನಗೇನಾಗಿದೆ. ಸೈನಿಕರ ಕಥೆಯನ್ನೂ ಹೇಳಿದೆ. ಬೇರೆ ಕಥೆ ನನಗೂ ಬರುತ್ತಿರಲಿಲ್ಲ. ಅವ್ವ ಗಮನವಿಟ್ಟು ಕೇಳಿದಳು, ಪಾಪ ಎಂದಳು, ಕಾಯುವುದೇನು ಕಷ್ಟ ಬಿಡು, ನಾನೂ ಪೂಜೆ ಆಗುವ ತನಕ ಕಾಯುತ್ತೇನಲ್ಲ ಎಂದಳು. ಮತ್ತೆ ಹುಡುಕಲು ಹೋದಳು. ತಿರುಗಿ ಬಂದು ಕಾಫಿ ಕುಡಿದೆಯಾ ಎಂದಳು. ಮತ್ತೆ ಹೇಳಿದೆ. ಮೂರನೆಯ ಸಲ ಸೈನಿಕರನ್ನು ಬಿಟ್ಟೆ. ನಾಲ್ಕನೆಯ ಸಲ ಮೈ ಉರಿಯಿತು. ಇದು ಮಾತ್ರೆಯಿಂದ ಹೋಗುವುದಲ್ಲ, ಇದು ಇನ್ನು ಹೀಗೇ ಎಂಬುದು ಆಗ, ಆ ಉರಿಯಲ್ಲೇ, ನನಗೆ ಹೊಳೆಯಿತು. ಇಲ್ಲ, ಆಗಲೇ ಹೊಳೆಯಿತೋ, ಈಗ ಬರೆಯುವಾಗ ಹೊಳೆಯುತ್ತಿದೆಯೋ.

ಎದ್ದು ರಾಗಿ ಹಿಟ್ಟಿನ ಡಬ್ಬದ ಹಿಂದೆ ಕೈ ಹಾಕಿ ಲೈಟರ್ ತೆಗೆದು ಅವಳ ಕೈಗೆ ಕೊಟ್ಟೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು, ನೋಡಿದಳು, ಒಳಗೆ ಹೋದಳು. "ನೋಡು, ಎಲ್ಲೆಲ್ಲೋ ಇಟ್ಬುಡ್ತಾರೆ," ಎಂದು ಗೊಣಗುತ್ತ ಅವ್ವ ಒಲೆ ಹಚ್ಚಿದಳು. ನಾನು ಪಕ್ಕದಲ್ಲಿ, ನಾಬಿಗೆ ಕೈ ಎಟುಕುವಷ್ಟು ಹತ್ತಿರ ನಿಂತೆ. ಹಾಲು ಅಂಚಿಗೆ ಏರಿ ಬಂತು. ಅವ್ವ ನನ್ನ ಕಡೆ ತಿರುಗಿ ಏನೋ ಹೇಳಹೊರಟಿದ್ದಳು, ಉಕ್ಕುತ್ತದೆ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕೈ ತಾನಾಗಿ ಹೋಗಿ ಉರಿ ಇಳಿಸಿತು.

ಡಿಕಾಕ್ಷನ್ನಿಗೆ ಹಾಲು ಬೆರೆಸಿ ಎರಡು ಲೋಟ ಮಾಡಿ ಒಂದನ್ನು ನನ್ನ ಮುಂದೆ ಹಿಡಿದಳು. ಇನ್ನೂ ಹೊತ್ತಾಗಿರಲಿಲ್ಲ.

"ಮಾತ್ರೆ ಅವ್ವ," ಎಂದೆ. "ಆಮೇಲೆ."

"ಯಾವ ಮಾತ್ರೆ?"

"ಕೊರಳಿಗೆ."

ಅವ್ವ ಲೋಟ ಕೆಳಗಿಟ್ಟು, ನನ್ನ ಗದ್ದ ಹಿಡಿದೆತ್ತಿ ಬೆಳಕಿನ ಕಡೆ ತಿರುಗಿಸಿ ನೋಡಿದಳು.

"ನಿನ್ ಕೊರಳಿಗೇನಾಗಿದೆ?" ಎಂದಳು. "ಚೆನ್ನಾಗೇ ಐತಲ್ಲ."